ಎಂಜಿನ್ ಕೆಲಸ ಆದ ಮೇಲೆ ಗಾಡಿ ಚಾಲೂ ಆಗವಲ್ದಾ? ಮೊದಲು ನೀವೇ ಬಿಚ್ಚಿದ ಪೈಪ್ ನೋಡಿ

ತೊಗರಿ ರಾಶಿಯ ದಿನಗಳಲ್ಲಿ ಜೇವರ್ಗಿ ಕಡೆಯ ಒಂದು ಪಿಕಪ್ ಹಗ್ಗ ಕಟ್ಟಿಸಿಕೊಂಡು ಕಲಬುರಗಿಯ ನಮ್ಮ ಗ್ಯಾರೇಜಿಗೆ ಬಂತು. ಎಂಟು ದಿನ ಮೊದಲು ಬೇರೊಂದು ಕಡೆ ಎಂಜಿನ್ನಿನ ಹೆಡ್, ಅಂದರೆ ಮೇಲಿನ ಭಾಗ, ಇಳಿಸಿ ಅದರಡಿಯ ಸೀಲು (ಗ್ಯಾಸ್ಕೆಟ್) ಹಾಕಿಸಿದ್ದರು. "ಉಸ್ತಾದ್, ಮುಂಜಾನಿ ಚಾಲೂನೇ ಆಗವಲ್ದು ನೋಡ್ರಿ. ಒಮ್ಮೆ ಚಾಲೂ ಆತಂದ್ರ ಸಂಜಿತನಕ ಛಲೋ ಓಡ್ತದ. ಪಂಪ್ ಹೋಗ್ಯಾದ, ಬಿಚ್ಚಿ ಸೊಲ್ಲಾಪುರಕ್ಕ ಕಳಿಸ್ಬೇಕು ಅಂದಾರ," ಎಂದ ಡ್ರೈವರ್. ಅವನ ಮೊಬೈಲಿನಲ್ಲಿ ಸ್ಕ್ಯಾನರ್ (ಎಂಜಿನ್ನಿನ ಕಂಪ್ಯೂಟರ್ ಓದುವ ಯಂತ್ರ) ಪರದೆಯ ಫೋಟೊ ಇತ್ತು: ರೇಲ್ ಪ್ರೆಶರ್ ಕಡಿಮೆ. ರೇಲ್ ಅಂದರೆ ಪಂಪು ಒತ್ತಿ ಕಳಿಸಿದ ಡೀಸೆಲನ್ನು ಎಂಜಿನ್ನಿಗೆ ಹಂಚುವ ದಪ್ಪ ಕೊಳವೆ.

ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ. ರೇಲಿನಲ್ಲಿ ಪ್ರೆಶರ್ ನಿಜವಾಗಿಯೂ ಕಡಿಮೆ ಇತ್ತು. ಆದರೆ ಪಂಪು ಸವೆದಿದ್ದರೂ ಅದು ಇದೇ ಮಾತು ಹೇಳುತ್ತದೆ, ಪಂಪಿಗೆ ಡೀಸೆಲ್ಲೇ ಮುಟ್ಟದಿದ್ದರೂ ಇದೇ ಮಾತು ಹೇಳುತ್ತದೆ. ನಾನು ಡ್ರೈವರನಿಗೆ ಕೇಳಿದ್ದು ಒಂದೇ: "ಗ್ಯಾಸ್ಕೆಟ್ ಹಾಕೋ ಮುಂಚೆ ಈ ತಕರಾರು ಇತ್ತೇನಪಾ?"

"ಇಲ್ರಿ. ಒಂದ್ ಸೆಲ್ಫಿಗೆ ಎದ್ದೇಳ್ತಿತ್ತು."

ಅಲ್ಲಿಗೆ ಪಂಪಿನ ಮೇಲಿನ ನನ್ನ ಅನುಮಾನ ಮುಕ್ಕಾಲು ಪಾಲು ಇಳಿಯಿತು. ಹೆಡ್ ಇಳಿಸಬೇಕಾದರೆ ಫಿಲ್ಟರಿನ ಪೈಪ್, ರೇಲಿನ ಪೈಪ್, ಉಳಿದ ಡೀಸೆಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪ್ ಎಲ್ಲ ಬಿಚ್ಚಲೇಬೇಕು. ಚೆನ್ನಾಗಿದ್ದ ಪಂಪು ಹೆಡ್ ಇಳಿಸಿದ ವಾರದಲ್ಲೇ ಸಾಯುವುದಕ್ಕಿಂತ, ಬಿಚ್ಚಿ ಹಾಕಿದ ಹತ್ತು ಜೋಡಣೆಗಳಲ್ಲಿ ಒಂದು ಸರಿಯಾಗಿ ಕೂಡದೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಆ ಜೋಡಣೆಯನ್ನು ಹುಡುಕುವ ದಾರಿ ಇಲ್ಲಿದೆ. ಬಿಚ್ಚುವ ಕ್ರಮವನ್ನೂ ಜೊತೆಗೇ ಹೇಳುತ್ತೇನೆ, ಯಾಕೆಂದರೆ ಈ ದೋಷಗಳು ಹುಟ್ಟುವುದೇ ಅಲ್ಲಿ.

ಬೆಂಕಿಯ ಮಾತು ಮೊದಲು

"ಡೀಸೆಲ್ ಬೆಂಕಿ ಹಿಡಿಯೋದಿಲ್ಲ ಬಿಡು ತಮ್ಮಾ" ಎಂದು ಬೀಡಿ ಕಚ್ಚಿಕೊಂಡೇ ಫಿಲ್ಟರ್ ಬಿಚ್ಚುತ್ತಿದ್ದ ಹಿರಿಯರ ಕೈಕೆಳಗೆ ನಾನು ಕೆಲಸ ಕಲಿತವನು. ಅವರ ಮಾತು ಚಳಿಗಾಲಕ್ಕೆ ಒಂದಿಷ್ಟು ಸರಿ. ಭಾರತೀಯ ಮಾನಕ ಐಎಸ್ 1460ರಂತೆ ನಮ್ಮ ಡೀಸೆಲಿನ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಅಂದರೆ ಅಷ್ಟು ಕಾದ ಡೀಸೆಲಿನಿಂದ ಏಳುವ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳಬಹುದು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಓಡಿ ಬಂದು ತಗಡಿನ ಶೆಡ್ಡಿನ ಕೆಳಗೆ ನಿಂತ ಗಾಡಿಯ ರಿಟರ್ನ್ ಪೈಪಿನ ಡೀಸೆಲ್ ಅದಕ್ಕಿಂತಲೂ ಬಿಸಿ. ನಮ್ಮ ಬ್ಯಾಸಿಗಿಯಲ್ಲಿ ಡೀಸೆಲನ್ನೂ ಪೆಟ್ರೋಲಿನ ಹಾಗೇ ಕಾಣಬೇಕು. ಪೆಟ್ರೋಲಂತೂ ಹಿಮ ಬೀಳುವ ಚಳಿಯಲ್ಲೂ ಹೊತ್ತುವಷ್ಟು ಆವಿ ಬಿಡುವ ವಸ್ತು.

ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಇಳಿದು ಕೂಡುತ್ತದೆ. ಗ್ಯಾರೇಜಿನಲ್ಲಿ ತಗ್ಗು ಅಂದರೆ ನಾವು ಇಳಿದು ಕೆಲಸ ಮಾಡುವ ಪಿಟ್. ಆದ್ದರಿಂದ ಪೆಟ್ರೋಲ್ ಗಾಡಿಯ ಪೈಪನ್ನು ಪಿಟ್ ಮೇಲೆ ನಿಲ್ಲಿಸಿ ಬಿಚ್ಚಬೇಡಿ. ಗಾಳಿ ಆಡುವ ಬಯಲಿಗೆ ತಳ್ಳಿಸಿ. ವೆಲ್ಡಿಂಗ್, ಗ್ರೈಂಡರ್ ಬಂದ್. ಪಕ್ಕದ ಅಂಗಡಿಯವನಿಗೂ ಒಂದು ಮಾತು ಹೇಳಿ ಬರಬೇಕು, ನಮ್ಮಲ್ಲಿ ಎರಡು ಅಂಗಡಿಗೆ ಒಂದೇ ತಗಡಿನ ಗೋಡೆ. ವಯರಿಗೆ ನೇತು ಹಾಕಿದ ಗಾಜಿನ ಬಲ್ಬು ಬೇಡ, ಎಲ್‌ಇಡಿ ಟಾರ್ಚ್ ಇರಲಿ: ಬಿಸಿ ಬಲ್ಬಿನ ಮೇಲೆ ಪೆಟ್ರೋಲ್ ಸಿಡಿದರೆ ಗಾಜು ಒಡೆದು ಅದೇ ಕಿಡಿಯಾಗುತ್ತದೆ. ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಲ್ಲಿ ಇರಬೇಕು, ಜೊತೆಗೆ ಉಸುಕಿನ ಬಕೆಟ್. ನೀರು ಹಾಕಿದರೆ ಪೆಟ್ರೋಲ್ ಅದರ ಮೇಲೆ ತೇಲಿ, ಬೆಂಕಿಯನ್ನು ಹೊತ್ತುಕೊಂಡೇ ಹರಿಯುತ್ತದೆ.

ಇನ್ನೊಂದು ಕೆಟ್ಟ ರೂಢಿ, ಪೈಪನ್ನು ಬಾಯಿಗೆ ಹಿಡಿದು ಎಳೆಯುವುದು. ಒಂದು ಗುಟುಕು ಹೊಟ್ಟೆಗೆ ಹೋಗುವುದಕ್ಕಿಂತ ಎರಡು ಹನಿ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು ಅಪಾಯ, ಅದರಿಂದ ನ್ಯುಮೋನಿಯಾ ಆಗುತ್ತದೆ. ಯಾರಾದರೂ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿಯಲ್ಲಿ ಅದು ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಟ್ಯಾಂಕಿನಿಂದ ಇಂಧನ ಎಳೆಯುವ ಸಣ್ಣ ಹ್ಯಾಂಡ್ ಪಂಪ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನಿಟ್ಟುಕೊಳ್ಳಿ.

ಒತ್ತಡ ಇಳಿಸದೆ ಪಾನಾ ಹಚ್ಚಬೇಡಿ

ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳ ಪೈಪಿನಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ (ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಕೀ ತೆಗೆದ ಮೇಲೂ ಅದು ಗಂಟೆಗಟ್ಟಲೆ ಉಳಿಯಬಹುದು, ಮತ್ತೆ ಬೇಗ ಚಾಲೂ ಆಗಲಿ ಎಂದೇ ಹಾಗೆ ಮಾಡಿರುತ್ತಾರೆ. ಇಳಿಸುವ ಕ್ರಮ ಸರಳ. ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ಆವಿ ಬಿಡಿ. ಪೆಟ್ರೋಲ್ ಪಂಪಿನ ರಿಲೇ ಅಥವಾ ಫ್ಯೂಸ್ ಕಿತ್ತು ಎಂಜಿನ್ ಚಾಲೂ ಮಾಡಿ. ಪೈಪಿನಲ್ಲಿ ಉಳಿದದ್ದು ಸುಟ್ಟು ತಾನೇ ನಿಲ್ಲುತ್ತದೆ. ಇನ್ನೊಮ್ಮೆ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಇದಾದ ಮೇಲೆ ಕೀ ತೆಗೆದು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಕಿತ್ತ ರಿಲೇಯನ್ನು ಸ್ಟೀರಿಂಗ್ ಮೇಲೆ ಟೇಪ್ ಹಚ್ಚಿ ಅಂಟಿಸಿ. ಯಾಕೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ, ನನ್ನ ಮರ್ಯಾದೆ ಹೋದ ಕಥೆ ಅದು. ಒತ್ತಡ ಇಳಿಸಿದರೂ ಸ್ವಲ್ಪ ಪೆಟ್ರೋಲ್ ಬಂದೇ ಬರುತ್ತದೆ. ಜೋಡಣೆಗೆ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ ನಿಧಾನ ಬಿಚ್ಚಿ.

ಎಲ್ಲ ಸಿಲಿಂಡರಿಗೂ ಒಂದೇ ರೇಲಿನಿಂದ ಡೀಸೆಲ್ ಕೊಡುವ ಕಾಮನ್ ರೇಲ್ ಎಂಜಿನ್ ಬೇರೆಯೇ ಲೋಕ. ಐಡಲ್‌ನಲ್ಲೇ ರೇಲಿನಲ್ಲಿ ಕೆಲವು ನೂರು ಬಾರ್, ಲೋಡಿನಲ್ಲಿ 1600 ಬಾರ್, ಹೊಸ ಎಂಜಿನ್‌ಗಳಲ್ಲಿ 2000ದ ತನಕ. ಹಳೆಯ ಟ್ರ್ಯಾಕ್ಟರು, ಜೀಪುಗಳಲ್ಲಿ ಸೆಲ್ಫ್ ಹೊಡೆಯುತ್ತ ನೋಝಲಿನ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂತಿಯ) ನಟ್ ಸಡಿಲಿಸಿ ಏರ್, ಅಂದರೆ ಪೈಪಿನಲ್ಲಿ ಸಿಕ್ಕ ಗಾಳಿ, ತೆಗೆಯುವುದು ನಮಗೆಲ್ಲ ಕೈಗೆ ಹತ್ತಿದ ಅಭ್ಯಾಸ. ಆ ಅಭ್ಯಾಸವನ್ನು ಇಲ್ಲಿಗೆ ತಂದರೆ ಕೈ ಹೋಗುತ್ತದೆ. ಸೂಜಿಯಷ್ಟು ಸಣ್ಣ ಧಾರೆ ಚರ್ಮ ತೂರಿ ಡೀಸೆಲನ್ನು ಮಾಂಸದೊಳಗೆ ತುಂಬುತ್ತದೆ. ಹೊರಗೆ ಸೊಳ್ಳೆ ಕಡಿದಷ್ಟೇ ಗುರುತು, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಆದರೆ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾದ ಗಾಯ. ಎಂಜಿನ್ ನಿಲ್ಲಿಸಿ ಆ ಗಾಡಿಯ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ನಾನು ಹತ್ತು ನಿಮಿಷ ಬಿಟ್ಟು, ಸ್ಕ್ಯಾನರಿನಲ್ಲಿ ರೇಲ್ ಪ್ರೆಶರ್ ಇಳಿದದ್ದು ಕಂಡ ಮೇಲೆಯೇ ಕೈ ಹಚ್ಚುತ್ತೇನೆ. ಸಿಎನ್‌ಜಿ ಗಾಡಿಯ ಸಿಲಿಂಡರಿನಲ್ಲಿ 200 ಬಾರ್ ಅನಿಲ ಇರುತ್ತದೆ. ಅದರ ಪೈಪ್ ಈ ಬರಹದ ಕೆಲಸವಲ್ಲ, ಅದನ್ನು ಕಲಿತವರಿಗೇ ಬಿಡಿ.

ಬಿಚ್ಚುವ ಐದು ನಿಮಿಷ

ಮೊದಲು ತೊಳೆಯಿರಿ. ನಮ್ಮ ಕಡೆ ಗಾಡಿಯ ಮೇಲೆ ಇರುವುದು ಬರಿ ಧೂಳಲ್ಲ: ರಾಶಿಯ ಹೊಟ್ಟು, ಶಹಾಬಾದಿನ ಕಲ್ಲುಪುಡಿ, ವಾಡಿ, ಸೇಡಂ ಕಡೆ ಹೋದರೆ ಸಿಮೆಂಟು. ಫಿಲ್ಟರ್ ದಾಟಿದ ಮೇಲಿನ ಪೈಪಿನ ಬಾಯಿಗೆ ಇದರಲ್ಲಿ ಒಂದು ಚಿಟಿಕೆ ಬಿದ್ದರೂ ನೇರ ಪಂಪಿಗೆ, ಅಲ್ಲಿಂದ ನೋಝಲಿಗೆ ಹೋಗುತ್ತದೆ. ಅದನ್ನು ತಡೆಯುವವರು ಮುಂದೆ ಯಾರೂ ಇಲ್ಲ.

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ. ಬರುವ ಪೈಪಿಗೆ ಒಂದು ಬಣ್ಣದ ಟೇಪ್, ವಾಪಸ್ ಹೋಗುವ ಪೈಪಿಗೆ ಇನ್ನೊಂದು. ಬಿಚ್ಚಿದ ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ, ಇಲ್ಲದಿದ್ದರೆ ಸ್ವಚ್ಛ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬನಿಯನ್ ವೇಸ್ಟ್ (ಕೈ ಒರೆಸುವ ಚಿಂದಿ ಬಟ್ಟೆ) ತುರುಕಬೇಡಿ. ಅದರ ಕಥೆಯೂ ಮುಂದೆ ಇದೆ.

ಈಗಿನ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಕ್ವಿಕ್ ಕನೆಕ್ಟರ್, ಎರಡು ಕಿವಿಯ ಪ್ಲಾಸ್ಟಿಕ್ ಲಾಕಿನದು. ಇದನ್ನು ಎಳೆದು ಬಿಚ್ಚಲು ಹೋದವರೇ ಹೆಚ್ಚು, ಅದು ಎಳೆದಷ್ಟೂ ಬಿಗಿಯುವ ಲಾಕು. ಮೊದಲು ಕನೆಕ್ಟರನ್ನು ಪೈಪಿನ ಮೇಲೆ ಇನ್ನಷ್ಟು ಒಳಗೆ ಒತ್ತಿ, ಆಗ ಹಿಡಿತ ಸಡಿಲಾಗುತ್ತದೆ. ಹಾಗೇ ಒತ್ತಿ ಹಿಡಿದು ಎರಡೂ ಕಿವಿ ಅದುಮಿ, ಈಗ ನೇರವಾಗಿ ಹಿಂದಕ್ಕೆ ಎಳೆಯಿರಿ. ಓರೆ ಮಾಡಬೇಡಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹೊರಗಿನ ಕಿವಿ ಉಳಿಯಬಹುದು, ಒಳಗಿನ ರಬ್ಬರ್ ರಿಂಗು ಸೀಳುತ್ತದೆ. ವಾಪಸ್ ಹಾಕುವಾಗ ಲೋಹದ ತುದಿ ಒರೆಸಿ, ಒಂದು ಹನಿ ಸ್ವಚ್ಛ ಎಂಜಿನ್ ಆಯಿಲ್ ಸವರಿ, "ಟಕ್" ಅನ್ನುವ ತನಕ ತಳ್ಳಿ, ಆಮೇಲೆ ಹಿಂದಕ್ಕೆ ಜಗ್ಗಿ ನೋಡಿ. ಗದ್ದಲದಲ್ಲಿ ಟಕ್ ಕೇಳಿಸದಿರಬಹುದು, ಜಗ್ಗಿ ನೋಡಿದ್ದೇ ಸಾಕ್ಷಿ.

ಬ್ಯಾಂಜೋ ಬೋಲ್ಟ್ (ಒಳಗೆ ತೂತಿದ್ದು ಅದರ ಮೂಲಕವೇ ಇಂಧನ ಹರಿಯುವ ಬೋಲ್ಟ್) ಇದ್ದರೆ ಎರಡೂ ಬದಿಯ ತಾಮ್ರದ ವಾಶರ್ ಹೊಸವು ಹಾಕಿ. ರಾತ್ರಿ ಹನ್ನೊಂದಕ್ಕೆ ಹುಮನಾಬಾದ್ ರಸ್ತೆಯಲ್ಲಿ ಗಾಡಿ ನಿಂತು ಅಂಗಡಿ ಇಲ್ಲದಿದ್ದರೆ, ಹಳೆಯ ವಾಶರನ್ನು ಬೇರೆ ಕಡೆ ಒಯ್ದು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಹಳ್ಳಿಯ ಉಪಾಯ, ಆದರೆ ನಿಜವಾಗಿ ಕೆಲಸ ಮಾಡುತ್ತದೆ. ರೇಲಿನಿಂದ ನೋಝಲಿಗೆ ಹೋಗುವ ಉಕ್ಕಿನ ಪೈಪುಗಳನ್ನು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಿ ಎನ್ನುವ ಕಂಪನಿಗಳೇ ಬಹಳ. ಮಾಲಕರು ಒಪ್ಪದಿದ್ದರೆ ಕನಿಷ್ಠ ಯಾವ ಪೈಪ್ ಯಾವ ಸಿಲಿಂಡರಿನದೋ ಅದಕ್ಕೇ ಹಾಕಿ, ಎರಡೂ ತುದಿಯ ನಟ್ ಬೆರಳಲ್ಲೇ ಕೂಡಿಸಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಬಿಗಿಯಿರಿ. ಬಗ್ಗಿಸಿ ಕೂಡಿಸಬೇಡಿ.

ಲಕ್ಷಣ ಕೇಳಿದರೆ ಅರ್ಧ ಊರು ಸಿಗುತ್ತದೆ

ಎಂಜಿನ್ ಕೆಲಸದ ನಂತರದ ಇಂಧನದ ತಕರಾರು ಬಹುತೇಕ ನಾಲ್ಕೇ ರೂಪದಲ್ಲಿ ಬರುತ್ತದೆ. ರಾತ್ರಿ ನಿಂತರೆ ಮುಂಜಾನೆ ಉದ್ದ ಸೆಲ್ಫ್, ಚಾಲೂ ಆದ ಮೇಲೆ ಸರಿ: ಏರ್ ಹಿಡಿಯುತ್ತಿದೆ. ಐಡಲ್ ಸರಿ, ಖಾಲಿ ಓಡುತ್ತದೆ, ಲೋಡ್ ಹಾಕಿ ಏರು ಹತ್ತಿಸಿದರೆ ಸಾಯುತ್ತದೆ: ದಾರಿ ಕಟ್ಟಿದೆ. ಟ್ಯಾಂಕ್ ತುಂಬಿದಾಗ ಓಡಿ ಅರ್ಧಕ್ಕೆ ಇಳಿದಾಗ ನಿಂತರೆ ಪೈಪ್ ಅದಲು ಬದಲು. ವಾಸನೆ ಬಂದರೆ, ನೆಲದ ಮೇಲೆ ಹನಿ ಬಿದ್ದರೆ ಹೊರಗೆ ಸೋರುತ್ತಿದೆ. ಕೊನೆಯದನ್ನು ಹುಡುಕುವುದು ಸುಲಭ, ಬಿಡುವುದು ಅಪಾಯ. ಮೊದಲನೆಯದೇ ಎಲ್ಲರನ್ನೂ ಏಮಾರಿಸುವುದು, ಅದಕ್ಕೆ ಅದರ ಹತ್ತಿರವೇ ಹೆಚ್ಚು ಹೊತ್ತು ಕೂಡೋಣ.

ಒದ್ದೆ ಕಾಣದ ಲೀಕು

ಪಿಕಪ್ ತಂದ ಡ್ರೈವರ್ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: "ಎಲ್ಲೂ ಒಂದ್ ಹನಿ ಸೋರಿಲ್ರಿ, ಅವರೂ ನೋಡ್ಯಾರ, ನಾನೂ ನೋಡೀನಿ." ನಿಜ, ಎಂಜಿನ್ ಒಣಗಿತ್ತು. ಆ ಗಾಡಿಯಲ್ಲಿ ಟ್ಯಾಂಕಿನೊಳಗೆ ಪಂಪ್ ಇಲ್ಲ. ಮುಂದಿನ ಪಂಪು ಟ್ಯಾಂಕಿನಿಂದ ಡೀಸೆಲನ್ನು ಎಳೆದುಕೊಳ್ಳುತ್ತದೆ. ಕಬ್ಬಿನ ಹಾಲಿನ ಕೊಳವೆ ಸೀಳಿದ್ದರೆ ಏನಾಗುತ್ತದೆ? ಹಾಲು ಹೊರಗೆ ಸೋರುವುದಿಲ್ಲ, ಎಳೆದರೆ ಬಾಯಿಗೆ ಬರಿ ಗಾಳಿ ಬರುತ್ತದೆ. ಟ್ಯಾಂಕಿನಿಂದ ಪಂಪಿನ ತನಕದ ಪೈಪು ಅಂಥ ಕೊಳವೆ. ಅಲ್ಲಿ ಲೀಕ್ ಇದ್ದರೆ ಎಂಜಿನ್ ಓಡುವಾಗ ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಎಂಜಿನ್ ನಿಂತಾಗ ಅದೇ ಸಂದಿಯಿಂದ ಗಾಳಿ ನುಗ್ಗಿ, ಪೈಪಿನ ಡೀಸೆಲ್ ನಿಧಾನ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಮುಂಜಾನೆ ಪಂಪು ಮೊದಲು ಆ ಗಾಳಿಯನ್ನೆಲ್ಲ ನುಂಗಬೇಕು. ಅಷ್ಟು ಹೊತ್ತು ರೇಲಿಗೆ ಪ್ರೆಶರ್ ಕಟ್ಟುವುದಿಲ್ಲ. ಒಮ್ಮೆ ಹರಿವು ಹತ್ತಿದರೆ ಸಣ್ಣ ಸಂದಿಯ ಗಾಳಿ ಲೆಕ್ಕಕ್ಕೆ ಬರುವುದಿಲ್ಲ, ಸಂಜೆತನಕ ಓಡುತ್ತದೆ. ಸ್ಕ್ಯಾನರಿನ ಫೋಟೊ ಮುಂಜಾನೆಯದು.

ಹುಡುಕಿದ ಕ್ರಮ ಇದು.

ಸಂಜೆ ಫಿಲ್ಟರಿನ ಮೇಲೆ ಡೀಸೆಲ್ ತುಂಬಿಸಲು ಇರುವ ಹ್ಯಾಂಡ್ ಪಂಪನ್ನು ಗಟ್ಟಿಯಾಗುವ ತನಕ ಅದುಮಿ ಬಿಟ್ಟೆ. ಎಂಜಿನ್ ಚಾಲೂ ಮಾಡಲಿಲ್ಲ. ಮುಂಜಾನೆ ಅದುಮಿದರೆ ಅದು ಹಣ್ಣಾದ ಪಪ್ಪಾಯಿ ಹಾಗೆ ಮೆತ್ತಗಿತ್ತು. ಇಷ್ಟರಿಂದಲೇ ಏರ್ ಅನ್ನುವುದು ಖಾತ್ರಿ, ಒಂದು ಪೈಸೆ ಖರ್ಚಿಲ್ಲದೆ. ಇನ್ನೊಂದು ಬಿಟ್ಟಿ ಪರೀಕ್ಷೆ ಇದೆ: ಒಂದು ರಾತ್ರಿ ಮುಖ ಮೇಲಾಗಿ, ಇನ್ನೊಂದು ರಾತ್ರಿ ಮುಖ ಕೆಳಗಾಗಿ ನಿಲ್ಲಿಸಿ ನೋಡುವುದು. ಮುಖ ಮೇಲಾದರೆ ಟ್ಯಾಂಕ್ ಇನ್ನಷ್ಟು ತಗ್ಗಿಗೆ ಹೋಗಿ ಡೀಸೆಲ್ ಬೇಗ ಇಳಿಯುತ್ತದೆ, ತಕರಾರು ಹೆಚ್ಚುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಇಳಿಜಾರು ಹುಡುಕುವುದೇ ಕಷ್ಟ; ಗಾಡಿ ತೊಳೆಯುವ ರ‍್ಯಾಂಪ್ ಆದೀತು, ಗಾಲಿಗೆ ಅಡ್ಡ ಇಟ್ಟು ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಜಾಕ್ ಎತ್ತಿ ಬಿಡುವ ಉಪಾಯ ಬೇಡ. ನೆಲಕ್ಕೆ ಶಹಾಬಾದಿ ಫರಸಿ ಹಾಸಿದ್ದರಂತೂ ಜಾಕಿನ ಭಾರ ಒಂದೇ ಬಿಂದುವಿಗೆ ಬಿದ್ದು ಕಲ್ಲು ಸೀಳಬಹುದು.

ಆಮೇಲೆ ಎಲ್ಲಿಂದ ಅನ್ನುವ ಪ್ರಶ್ನೆ. ಫಿಲ್ಟರಿನಿಂದ ಪಂಪಿಗೆ ಹೋಗುವಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದೆ. ಡೀಸೆಲ್ ತಡೆಯುವ ಪೈಪೇ ಆಗಬೇಕು, ಮತ್ತು ಇದು ಎಳೆಯುವ ಕಡೆ ಮಾತ್ರ. ಒತ್ತಡ ಇರುವ ಪೆಟ್ರೋಲ್ ಪೈಪಿಗೆ, ಟ್ಯಾಂಕಿನೊಳಗೆ ಪಂಪ್ ಇರುವ ಡೀಸೆಲ್ ಗಾಡಿಗೆ ಇದನ್ನು ಮಾಡಬಾರದು. ಚಾಲೂ ಮಾಡಿದಾಗ ಸೋಡಾ ಬಾಟಲಿಯಲ್ಲಿ ಕಾಣುವಂಥ ಗುಳ್ಳೆಗಳ ಸಾಲು. ಹೊಸದಾಗಿ ಕೂಡಿಸಿದ ಕೂಡಲೇ ಒಂದೆರಡು ನಿಮಿಷ ಗುಳ್ಳೆ ಬರುವುದು ಸಹಜ, ಅದು ನಿಲ್ಲದೆ ಬರುತ್ತಲೇ ಇದ್ದರೆ ದೋಷ.

ಮುಂದಿನ ಹೆಜ್ಜೆ ಕ್ಯಾನಿನ ಪರೀಕ್ಷೆ. ಟ್ಯಾಂಕಿನಿಂದ ಬರುವ ಪೈಪನ್ನು ಫಿಲ್ಟರಿನ ಹತ್ತಿರ ಬಿಚ್ಚಿ ಮುಚ್ಚಿ, ಅದರ ಜಾಗದಲ್ಲಿ ಸ್ವಚ್ಛ ಡೀಸೆಲ್ ಇರುವ ಕ್ಯಾನಿನಿಂದ ಬೇರೊಂದು ಪೈಪ್ ಕೊಡುವುದು. ಕ್ಯಾನನ್ನು ಸೈಲೆನ್ಸರಿನಿಂದ ದೂರ, ಅಲುಗದಂತೆ ಇಡಿ. ರಿಟರ್ನ್ ಮಾಮೂಲಿ ಟ್ಯಾಂಕಿಗೇ ಹೋಗುತ್ತಿರುತ್ತದೆ, ಆದ್ದರಿಂದ ಕ್ಯಾನು ನೀವಂದುಕೊಂಡದ್ದಕ್ಕಿಂತ ಬೇಗ ಖಾಲಿಯಾಗುತ್ತದೆ, ಕಣ್ಣಿಟ್ಟಿರಬೇಕು. ಕಾಮನ್ ರೇಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಒಣಗಿ ತಿರುಗಿದರೆ ಒಳಗೆ ಲೋಹ ಉಜ್ಜಿ ಆ ಚೂರು ನೋಝಲ್‌ಗಳನ್ನೂ ಹಾಳು ಮಾಡುತ್ತದೆ. ಹೀಗೆ ಮಾಡಿದಾಗ ಗುಳ್ಳೆ ನಿಂತರೆ ತಪ್ಪು ಫಿಲ್ಟರಿನಿಂದ ಹಿಂದೆ, ಟ್ಯಾಂಕಿನ ಕಡೆ. ನಿಲ್ಲದಿದ್ದರೆ ಫಿಲ್ಟರಿನಲ್ಲಿ ಅಥವಾ ಮುಂದೆ: ಫಿಲ್ಟರಿನ ಸೀಲು, ನೀರು ಬಿಡುವ ಕೆಳಗಿನ ತಿರುಪು, ಹ್ಯಾಂಡ್ ಪಂಪ್.

ಪಿಕಪ್ಪಿನಲ್ಲಿ ಗುಳ್ಳೆ ನಿಂತಿತು. ಟ್ಯಾಂಕಿನ ಕಡೆ ಹೆಡ್ ಕೆಲಸದವರು ಮುಟ್ಟಿದ್ದು ಒಂದೇ ಜೋಡಣೆ, ಫಿಲ್ಟರಿಗೆ ಬರುವ ಕ್ವಿಕ್ ಕನೆಕ್ಟರ್. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಕಪ್ಪು ರಿಂಗಿನಲ್ಲಿ ಉಗುರಿನ ಅಂಚಿನಷ್ಟು ಸೀಳು. ಕಿವಿಯ ಮೇಲೆ ಸ್ಕ್ರೂಡ್ರೈವರಿನ ಗೀರು ಇನ್ನೂ ಹೊಸದಾಗೇ ಇತ್ತು.

ಆ ರಿಂಗು ಬಹಳ ಗಾಡಿಗಳಿಗೆ ಬಿಡಿಯಾಗಿ ಸಿಗುವುದಿಲ್ಲ, ಪೈಪ್ ಸಮೇತ ಕೊಳ್ಳಬೇಕು. ನಲ್ಲಿಗೆ ಹಾಕುವ ರಿಂಗು ಅಳತೆಗೆ ಸರಿ ಕೂಡಬಹುದು, ಆದರೆ ಅದು ಡೀಸೆಲಿನಲ್ಲಿ ಉಬ್ಬಿ ಹದಿನೈದು ದಿನಕ್ಕೆ ಅದೇ ರಾಗ ಹಾಡಿಸುತ್ತದೆ. ಎಂಸೀಲ್, ಫೆವಿಕ್ವಿಕ್ ಹಚ್ಚಿ ತಂದವರನ್ನೂ ಕಂಡಿದ್ದೇನೆ, ಏನೂ ಅನ್ನಲಾರೆ.

ಏರ್ ತೆಗೆಯುವಾಗ ಹ್ಯಾಂಡ್ ಪಂಪಿನಿಂದಲೇ ಗಟ್ಟಿ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು. ತಳ್ಳಿ ಚಾಲೂ ಮಾಡಲು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಲು ಹೋಗಬೇಡಿ. ಒಣ ಪಂಪು ಅಲ್ಲೇ ಮುಗಿಯುತ್ತದೆ, ಆಗ ಸೊಲ್ಲಾಪುರದ ಮಾತು ನಿಜವಾಗುತ್ತದೆ.

ಕಟ್ಟಿದ ದಾರಿ

ಇದು ನಮ್ಮದೇ ತಪ್ಪು. ಸಿಮೆಂಟ್ ಹೊರುವ ಒಂದು ಗಾಡಿಯ ಎಂಜಿನ್ ಎತ್ತಿದ್ದೆವು. ಹುಡುಗ ಪೈಪಿನ ಬಾಯಿಗೆ ಬನಿಯನ್ ವೇಸ್ಟ್ ತುರುಕಿದ್ದ, ಕೂಡಿಸುವಾಗ ಎಳೆದು ತೆಗೆದಿದ್ದ, ಪೂರ್ತಿ ಬಂತು ಅಂದುಕೊಂಡಿದ್ದ. ಗಾಡಿ ಗ್ಯಾರೇಜಿನಲ್ಲಿ ಒಂದು ತಾಸು ಐಡಲ್ ನಿಂತಿತು, ರಿಂಗ್ ರೋಡಿನಲ್ಲಿ ಖಾಲಿ ಓಡಿಸಿದೆವು, ಎಲ್ಲ ಸರಿ. ಸೇಡಂನಿಂದ ಲೋಡ್ ಹಾಕಿಕೊಂಡು ಹೊರಟವರು ನಾಲ್ಕು ಕಿಲೋಮೀಟರಿಗೆ ಫೋನ್ ಮಾಡಿದರು. ಫಿಲ್ಟರ್ ಬದಲಿಸಿದೆವು, ಒಂದು ದಿನ ಸರಿ, ಮತ್ತೆ ಅದೇ.

ಈ ಲಕ್ಷಣಕ್ಕೆ ಕ್ಯಾನಿನ ಪರೀಕ್ಷೆಯೇ ಮದ್ದು: ಕ್ಯಾನಿನಿಂದ ಕೊಟ್ಟಾಗ ಜೋರಾಗಿ ಎಕ್ಸಲರೇಟರ್ ಒತ್ತಿದರೂ ರೇಲ್ ಪ್ರೆಶರ್ ಬೇಡಿದಷ್ಟೇ ಬಂದರೆ ಹಿಂದಿನ ದಾರಿ ಕಟ್ಟಿದೆ. ಸ್ಕ್ಯಾನರಿನಲ್ಲಿ ಎಂಜಿನ್ ಬೇಡುವ ಪ್ರೆಶರ್, ನಿಜವಾಗಿ ಇರುವ ಪ್ರೆಶರ್ ಎರಡೂ ಕಾಣುತ್ತವೆ. ಐಡಲ್‌ನಲ್ಲಿ ಎರಡೂ ಜೊತೆಗಿದ್ದು, ಲೋಡಿನಲ್ಲಿ ಎರಡನೆಯದು ಹಿಂದೆ ಬಿದ್ದರೆ ಡೀಸೆಲ್ ಸಾಲುತ್ತಿಲ್ಲ. ಪೈಪ್ ಬಿಚ್ಚಿ ಟ್ಯಾಂಕಿನ ಕಡೆಗೆ ಕಡಿಮೆ ಒತ್ತಡದ ಗಾಳಿ ಬಿಟ್ಟೆವು, ಟ್ಯಾಂಕಿನ ಮುಚ್ಚಳ ತೆಗೆದಿಟ್ಟು. ನೂಲಿನ ಉಂಡೆ ಪೈಪಿನಿಂದ ಟ್ಯಾಂಕಿಗೆ ಬಿತ್ತು, ಅದನ್ನು ಹೊರಗೆ ತೆಗೆದೆವು. ಮಾಲಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಫಿಲ್ಟರಿನ ದುಡ್ಡು ವಾಪಸ್ ಕೊಟ್ಟೆ. ಅವತ್ತಿನಿಂದ ನಮ್ಮಲ್ಲಿ ಪೈಪಿನ ಬಾಯಿಗೆ ಬಟ್ಟೆ ಬಂದ್.

ನೂಲಿಲ್ಲದೆಯೂ ಇದೇ ಲಕ್ಷಣ ಬರುತ್ತದೆ. ಎಂಜಿನ್ ಕೂಡಿಸುವಾಗ ರಬ್ಬರ್ ಪೈಪ್ ಮೌಂಟಿಂಗ್ ಹಿಂದೆ ಸಿಕ್ಕಿ ಮಡಚಿಕೊಳ್ಳುವುದು ಸಾಮಾನ್ಯ. ಬಿಸಿಯಾದಾಗ ಅದು ಇನ್ನೂ ಚಪ್ಪಟೆಯಾಗುತ್ತದೆ. ಬೆರಳಾಡಿಸಿ ನೋಡಿ, ಕಣ್ಣಿಗಿಂತ ಬೆರಳು ನಂಬಿಕಸ್ಥ.

ಅದಲು ಬದಲು

ಟ್ಯಾಂಕಿನೊಳಗೆ ಎಳೆಯುವ ಕೊಳವೆ ತಳದ ತನಕ ಇಳಿದಿರುತ್ತದೆ, ವಾ‍ಪಸ್ ಬರುವ ಕೊಳವೆ ಕೆಲವು ಗಾಡಿಗಳಲ್ಲಿ ಮೇಲೆಯೇ ನಿಂತಿರುತ್ತದೆ. ಎರಡೂ ರಬ್ಬರ್ ಪೈಪ್ ಒಂದೇ ಗಾತ್ರದ್ದಾಗಿ ಟೇಪ್ ಹಚ್ಚದಿದ್ದರೆ ತಿರುವು ಮುರುವಾಗುವುದು ಸಹಜ. ಆಗ ಟ್ಯಾಂಕ್ ತುಂಬಿಸಿ ಬಿಟ್ಟ ಗಾಡಿ ಮಾಲಕರ ಊರು ಮುಟ್ಟಿ, ಮರುದಿನ ಡೀಸೆಲ್ ಅರ್ಧಕ್ಕೆ ಬಂದಾಗ ನಿಲ್ಲುತ್ತದೆ. ಮೀಟರ್ ಅರ್ಧ ತೋರಿಸುವಾಗ ಡೀಸೆಲ್ ಇಲ್ಲ ಎಂದು ಯಾರು ನಂಬುತ್ತಾರೆ? ಫಿಲ್ಟರಿನ ಮೇಲಿನ ಬಾಣದ ಗುರುತನ್ನೂ ನೋಡಿ, ಅದು ಹರಿವಿನ ದಿಕ್ಕು.

ಪೆಟ್ರೋಲ್ ವಾಸನೆ

ಪೆಟ್ರೋಲ್ ಗಾಡಿಯಲ್ಲಿ ಪೈಪ್ ಕೂಡಿಸಿದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲೇ ಲೀಕ್ ನೋಡಬೇಕು. ಕೀ ಆನ್ ಮಾಡಿದರೆ ಪಂಪ್ ಎರಡು ಮೂರು ಸೆಕೆಂಡ್ ತಿರುಗಿ ನಿಲ್ಲುತ್ತದೆ. ಹೀಗೆ ಮೂರು ನಾಲ್ಕು ಸಲ ಆನ್ ಆಫ್ ಮಾಡಿದರೆ ಪೂರ್ತಿ ಒತ್ತಡ ಕಟ್ಟುತ್ತದೆ, ಎಂಜಿನ್ ತಣ್ಣಗಿರುವಾಗಲೇ. ಜೋಡಣೆಯ ಸುತ್ತ ಬಿಳಿ ಕಾಗದ ಒತ್ತಿ ನೋಡಿ. ಒಂದು ಹನಿ ಕಂಡರೂ ಚಾಲೂ ಮಾಡಬೇಡಿ, ಸೈಲೆನ್ಸರ್ ಮ್ಯಾನಿಫೋಲ್ಡ್ ಅಲ್ಲೇ ಪಕ್ಕದಲ್ಲಿರುತ್ತದೆ. ಹೊರಗೆ ಏನೂ ಕಾಣದೆ ಉದ್ದ ಸೆಲ್ಫ್ ಬೇಡುತ್ತಿದ್ದರೆ ಪ್ರೆಶರ್ ಗೇಜ್ ಹಾಕಿ. ಪಂಪ್ ನಿಂತ ಐದು ನಿಮಿಷದೊಳಗೆ ಮುಳ್ಳು ಪೂರ್ತಿ ಬಿದ್ದರೆ ಎಲ್ಲೋ ಇಳಿಯುತ್ತಿದೆ: ಇಂಜೆಕ್ಟರಿನ ರಿಂಗು, ಪಂಪಿನ ವಾಲ್ವು, ಇಲ್ಲವೇ ರೆಗ್ಯುಲೇಟರ್.

ಕಾಮನ್ ರೇಲಿನ ಉಕ್ಕಿನ ಪೈಪಿಗೆ ಮಾತ್ರ ಈ ಕಾಗದ ಒತ್ತುವ ಪದ್ಧತಿ ಬೇಡ. ಅಲ್ಲಿ ದೂರದಿಂದ ರಟ್ಟು ಹಿಡಿದು ನೋಡುವುದು, ಕೈ ಎಂದೂ ಹತ್ತಿರ ಒಯ್ಯದೆ.

ರಬ್ಬರ್ ಪೈಪ್ ಬದಲಿಸುವುದಾದರೆ ಮೇಲೆ ಎಸ್‌ಎಇ ಜೆ30 ಆರ್9 ಎಂದು ಬರೆದದ್ದನ್ನು ಕೇಳಿ ತನ್ನಿ, ಅದು ಇಂಜೆಕ್ಷನ್ ಗಾಡಿಯ ಒತ್ತಡಕ್ಕೆ ಮಾಡಿದ್ದು. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್ ಇದೆ, ಹಳೆಯ ಗಾಡಿಗಳ ರಬ್ಬರಿಗೆ ಅದು ಒಗ್ಗದೆ ಉಬ್ಬಿ, ಬಿರಿಯಬಹುದು. ಹಲ್ಲಿನ ಪಟ್ಟಿಯ ಕ್ಲಿಪ್ ಬಿಗಿಯುತ್ತ ಹೋದರೆ ಪೈಪನ್ನೇ ಕೊಯ್ಯುತ್ತದೆ. ಅಂಚು ಮಡಚಿದ, ಸುತ್ತಲೂ ಸಮನಾಗಿ ಹಿಡಿಯುವ ಇಂಜೆಕ್ಷನ್ ಕ್ಲಿಪ್ ಬೇರೆ ಸಿಗುತ್ತದೆ.

ಪೈಪಿನದೇ ತಪ್ಪಲ್ಲದಿದ್ದರೆ

ಎಂಜಿನ್ ಕೆಲಸ ಆದ ಮೇಲೆ ಚಾಲೂ ಆಗದ್ದೆಲ್ಲ ಇಂಧನದ ತಕರಾರಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಒಂದಿಷ್ಟೂ ಅಲುಗದಿದ್ದರೆ, ಸ್ಕ್ಯಾನರಿನಲ್ಲೂ ಎಂಜಿನ್ ವೇಗ ಸೊನ್ನೆ ತೋರಿಸಿದರೆ, ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಪ್ಲಗ್ ನೋಡಿ. ಹೆಡ್‌ಲೈಟ್ ಸರಿಯಿದ್ದು ಸೆಲ್ಫ್ ನಿಧಾನ ತಿರುಗಿದರೆ ಎಂಜಿನ್ನಿಗೆ ಬರುವ ಅರ್ಥಿಂಗ್ ಪಟ್ಟಿ ಕೂಡಿಸುವುದು ಮರೆತಿರಬಹುದು.

ಇನ್ನು ಆ ರಿಲೇಯ ಕಥೆ. ಒಂದು ಪೆಟ್ರೋಲ್ ಕಾರಿನ ಹೆಡ್ ಕೆಲಸ ಮುಗಿಸಿ ಸೆಲ್ಫ್ ಹೊಡೆದರೆ ಚಾಲೂ ಇಲ್ಲ. ಪೈಪ್ ಬಿಚ್ಚಿದೆ, ಟ್ಯಾಂಕ್ ಇಳಿಸಿದೆ, ಪಂಪ್ ಹೊರಗೆ ತೆಗೆದು ಬ್ಯಾಟರಿಗೆ ಕೊಟ್ಟು ತಿರುಗಿಸಿ ನೋಡಿದೆ, ಚೆನ್ನಾಗಿತ್ತು. ಸಂಜೆ ಚಹಾ ಕುಡಿಯುವಾಗ ಹುಡುಗ ನನ್ನ ಅಂಗಿಯ ಕಿಸೆ ತೋರಿಸಿದ: "ಅಣ್ಣಾ, ಅದೇನದು ಕರ್ರಗ?" ಮೂರು ದಿನದ ಹಿಂದೆ ಒತ್ತಡ ಇಳಿಸಲು ಕಿತ್ತ ರಿಲೇ.

ಮುಚ್ಚಿದ ಮೇಲೆ

ಕೆಲಸ ಮುಗಿದ ಗಾಡಿಯನ್ನು ಅದೇ ಸಂಜೆ ಕೊಡಬೇಡಿ, ಮಾಲಕರು ಎಷ್ಟೇ ಅವಸರ ಮಾಡಲಿ. ಬಿಸಿ ಮಾಡಿ, ಲೋಡಿನಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಎಲ್ಲ ಜೋಡಣೆ ಮತ್ತೆ ನೋಡಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಏರಿದೆಯೇ, ಡೀಸೆಲ್ ವಾಸನೆ ಇದೆಯೇ ನೋಡಿ. ಏರಿದ್ದರೆ ಒಳಗೆಲ್ಲೋ ಸೋರುತ್ತಿದೆ. ರಾತ್ರಿ ತಣ್ಣಗಾಗಲು ಬಿಡಿ.

ಪಿಕಪ್ಪಿಗೆ ಹೊಸ ಪೈಪ್ ಬಂದದ್ದು ಎರಡು ದಿನಕ್ಕೆ. ಕೂಡಿಸಿ, ಸಂಜೆ ಹ್ಯಾಂಡ್ ಪಂಪ್ ಗಟ್ಟಿ ಮಾಡಿ ಶೆಟರ್ ಎಳೆದೆ. ಮುಂಜಾನೆ ಆರಕ್ಕೆ ಡ್ರೈವರ್ ನನಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಹ್ಯಾಂಡ್ ಪಂಪ್ ಅವನಿಂದಲೇ ಅದುಮಿಸಿದೆ, ಕಲ್ಲಿನ ಹಾಗಿತ್ತು. ಒಂದು ಸೆಲ್ಫಿಗೆ ಎದ್ದಿತು. ಹಳೆಯ ಕನೆಕ್ಟರನ್ನು ಅವನು ಪೇಪರಿನಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ.

"ಅದ್ಯಾಕಪಾ?"

"ಪಂಪ್ ಬಿಚ್ಚು ಅಂದೋರಿಗಿ ತೋರಿಸ್ಲಾಕರಿ."